ರೊಟ್ಟಿ ಜರಡಿ

ಧಾರವಾಡದಲ್ಲಿ ಪುಸ್ತಕ ಬರೆಯಬೇಕೆಂದುಕೊಂಡವರಿಗೆ ಎಂದೂ ಬರ ಬಂದಿಲ್ಲ. ಬರೆದು ಮುಗಿಸಿದವರಿಗೆ ಮಾತ್ರ ಸ್ವಲ್ಪ ಕೊರತೆ. ಆ ಕೊರತೆಯನ್ನು ನೀಗಿಸುವ ಯಂತ್ರವೊಂದು ಬಂದುಬಿಟ್ಟರೆ ಏನಾದೀತು?

ಬಂದೇ ಬಿಟ್ಟಿತು. ಊರ ಹೊರಗಿನ ಗುಡ್ಡದ ಮೇಲೆ ಬರಹ ವಿಜ್ಞಾನ ಸಂಸ್ಥೆ ಎಂಬ ಬಿಳಿ ಕಟ್ಟಡ ಎದ್ದು ಆರು ವರ್ಷಗಳಾಗಿದ್ದವು. ಅಲ್ಲಿನವರು ಹಣೆಗೆ ಕಟ್ಟಿಕೊಳ್ಳುವ, ಎರಡು ಬೆರಳಗಲದ ಪಟ್ಟಿಯೊಂದನ್ನು ತಯಾರಿಸಿದರು. ಅದಕ್ಕೆ ನಿತ್ಯಪಟ್ಟಿ ಎಂದು ಹೆಸರಿಟ್ಟರು. ತಲೆಯಲ್ಲಿ ಮಾತುಗಳು ಸಾಲುಗಟ್ಟುವಾಗ ಮಿದುಳಿನ ಒಂದು ಮೂಲೆಯಲ್ಲಿ ಏಳುವ ಸಣ್ಣ ಅಲೆಗಳನ್ನು ಅದು ಹಿಡಿಯುತ್ತಿತ್ತು. ಗೊತ್ತುಪಡಿಸಿದ ಹೊತ್ತಿನಲ್ಲಿ ಮನಸ್ಸು ಆಚೀಚೆ ಓಡಿದರೆ ಕಪಾಳದ ಬಳಿ ಚಿಟುಕು ಮುಟ್ಟಿಸುತ್ತಿತ್ತು. ಸಾಲು ಹೊರಟಿತೋ, ಚಹಾದ ಮೊದಲ ಗುಟುಕಿನಂಥ ಹಿತವೊಂದನ್ನು ಒಳಗೆ ಬಿಡುತ್ತಿತ್ತು. ಅರವತ್ತು ದಿನ ಹೀಗೆ ನಡೆದರೆ ಆ ಹೊತ್ತಿಗೆ ಸರಿಯಾಗಿ ಮಿದುಳು ತಾನಾಗಿ ಬಂದು ಮೇಜಿನ ಮುಂದೆ ಕೂರುತ್ತಿತ್ತು.

ಪಟ್ಟಿಗೆ ಇನ್ನೊಂದು ಕೆಲಸವೂ ಇತ್ತು. ಆ ಹೊತ್ತಿಗಾಗಲೇ ಅರ್ಧ ಲೋಕದ ಪುಸ್ತಕಗಳನ್ನು ಯಂತ್ರಗಳೇ ಬರೆಯುತ್ತಿದ್ದವು. ಮನುಷ್ಯರು ಬರೆದದ್ದು ಯಾವುದೆಂದು ಓದುಗರಿಗೆ ತಿಳಿಯಬೇಕಲ್ಲ? ಪಟ್ಟಿ ಮಾತನ್ನು ಓದಲಾರದು, ಅಲೆಗಳ ಏರಿಳಿತವನ್ನಷ್ಟೇ ಬರೆದಿಟ್ಟುಕೊಳ್ಳುತ್ತದೆ. ಆಮೇಲೆ ಕಾಗದಕ್ಕಿಳಿದ ಸಾಲು ಆ ಏರಿಳಿತಕ್ಕೆ ಬೀಗಕ್ಕೆ ಕೀಲಿಯಂತೆ ಹೊಂದಿಕೊಂಡರೆ ಅದಕ್ಕೆ ಸಾಕ್ಷಿಮುದ್ರೆ ಬೀಳುತ್ತದೆ. ಮುದ್ರೆಯಿಲ್ಲದ ಪುಸ್ತಕವನ್ನು ಯಾವ ಪ್ರಕಾಶಕನೂ ಮುಟ್ಟುತ್ತಿರಲಿಲ್ಲ.

ಮೊದಲ ತಂಡಕ್ಕೆ ನೂರು ಮಂದಿಯನ್ನು ಆರಿಸಿದರು. ಅವರಲ್ಲಿ ಹೊಸಯಲ್ಲಾಪುರದ ಫಕ್ಕೀರವ್ವ ಒಬ್ಬಳು. ಅರವತ್ತಮೂರು ವರ್ಷದ ಈಕೆ ಬಾಳವ್ವನ ಖಾನಾವಳಿಯ ಒಡತಿ. ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು. ಆದರೂ ಹದಿನೈದು ವರ್ಷಗಳಿಂದ ಹಳೆಯ ಕ್ಯಾಲೆಂಡರ್ ಹಾಳೆಗಳ ಬೆನ್ನಿಗೆ ತನ್ನ ಅಕ್ಕ ಬಾಳವ್ವನ ಕಥೆ ಬರೆಯುತ್ತ ಬಂದಿದ್ದಳು. ಹನ್ನೊಂದು ಅಧ್ಯಾಯಗಳಾಗಿದ್ದವು. ಹನ್ನೆರಡನೆಯದೇ ಕೊನೆಯದು, ಅದು ಮೂರು ವರ್ಷದಿಂದ ಜಪ್ಪಯ್ಯ ಅಂದರೂ ಏಳುತ್ತಿರಲಿಲ್ಲ. ಯಂತ್ರವಾದರೂ ಎಬ್ಬಿಸೀತು ಎಂಬ ಆಸೆಯಿಂದ ಅವಳು ಗುಡ್ಡ ಹತ್ತಿ, ಹಣೆಗೆ ಪಟ್ಟಿ ಕಟ್ಟಿಸಿಕೊಂಡು, ಐದು ಪುಟದ ಕರಾರಿಗೆ ಸಹಿ ಹಾಕಿ ಬಂದಳು. ಪಟ್ಟಿ ಬರುವ ಮೊದಲೇ ಬರೆದ ಹನ್ನೊಂದು ಅಧ್ಯಾಯಗಳನ್ನು ಹಳೆಯ ಹಾಳೆ ನೋಡಿಯೇ ಮುದ್ರೆಗೆ ಒಪ್ಪಿದ ಸಂಸ್ಥೆಯವರು ಅವುಗಳ ನಕಲು ಇಟ್ಟುಕೊಂಡರು.

ಕರಾರಿನ ನಾಲ್ಕನೇ ಪುಟವನ್ನು ಅವಳು ಓದಲಿಲ್ಲ. ಯಾರು ತಾನೇ ಓದುತ್ತಾರೆ?

ಪಟ್ಟಿಗೆ ಊರಿನಲ್ಲಿ ಆಗಲೇ ಒಳ್ಳೆಯ ಹೆಸರಿತ್ತು. ಖಾನಾವಳಿಗೆ ತಪ್ಪದೆ ಬರುತ್ತಿದ್ದ ಹಿರೇಮಠ ಮಾಸ್ತರರು ನಲವತ್ತು ವರ್ಷ ಬರೆಯುತ್ತೇನೆ ಬರೆಯುತ್ತೇನೆ ಎಂದವರು, ಹಿಂದಿನ ವರ್ಷ ಪರೀಕ್ಷೆಗೆಂದು ಪಟ್ಟಿ ಕಟ್ಟಿಸಿಕೊಂಡು, ಆರು ತಿಂಗಳಲ್ಲಿ ತಮ್ಮ ವರ್ಗಾವಣೆಗಳ ಇತಿಹಾಸವನ್ನು ಒಂಬೈನೂರು ಪುಟ ಬರೆದು ಬಿಸಾಕಿದರು. ಚಟ ಎಷ್ಟರ ಮಟ್ಟಿಗೆ ಹತ್ತಿತೆಂದರೆ, ತಮ್ಮನ ಮಗಳ ಮದುವೆಯಲ್ಲಿ ಏಳು ಗಂಟೆ ಹೊಡೆದಾಗ ಪೆನ್ನು ಸಿಗದೆ, ಅಕ್ಷತೆಯ ತಟ್ಟೆಯಲ್ಲಿ ಬೆರಳಾಡಿಸಿ ಬರೆಯುತ್ತ ಕೂತರಂತೆ. ತಾಳಿ ಕಟ್ಟಿದ್ದು ಅವರಿಗೆ ಗೊತ್ತೇ ಆಗಲಿಲ್ಲ.

ಫಕ್ಕೀರವ್ವನಿಗೆ ಮಾತ್ರ ಪಟ್ಟಿ ದಕ್ಕಲಿಲ್ಲ. ಎಲ್ಲರಿಗೂ ಒಂದೇ ಹೊತ್ತು, ಮುಂಜಾನೆ ಏಳರಿಂದ ಒಂಬತ್ತು. ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಹೊತ್ತೂ ಅದೇ. ಒಲೆಯನ್ನು ಸೊಸೆ ಸಹನಾಳಿಗೆ ವಹಿಸಿ ಇವಳು ಒಳಕೋಣೆಯ ಮೇಜಿನ ಮುಂದೆ ಕೂತಳು. ಎದುರಿಗೆ ಬಿಳಿ ಹಾಳೆ. ಚಿಟುಕು ಬಿತ್ತು, ಇನ್ನೊಂದು ಬಿತ್ತು. ಎರಡು ತಾಸಿನಲ್ಲಿ ಅವಳು ಬರೆದದ್ದು ಮೂರು ಸಾಲು, ಹೊಡೆದುಹಾಕಿದ್ದು ಮೂರು ಸಾಲು. ಒಂದು ವಾರ ಹೀಗೆ ನರಳಿದ ಮೇಲೆ, ಎಂಟನೇ ದಿನ ಮೇಜಿಗೆ ಕೈಮುಗಿದು ಎದ್ದು ಬಂದಳು.

"ಸರಿ ಅತ್ತಾಗ. ನನ್ನ ಒಲಿ ನನಗ ಕೊಡು."

"ಪಟ್ಟಿ ಬಿಚ್ಚಬ್ಯಾಡ್ರಿ ಅತ್ತಿ, ಅವ್ರು ಬೈತಾರ," ಎಂದಳು ಸಹನಾ.

"ಬಿಚ್ಚೂದಿಲ್ಲ. ಹಣಿ ಮ್ಯಾಲ ಇರ್ಲಿ. ನಾ ಬರಿಯೂದು ಇಲ್ಲೇ."

ಅವಳು ಬರೆಯುವ ಪದ್ಧತಿಯೇ ಹಾಗಿತ್ತು. ಉಂಡೆ ಮಾಡಿ, ಹಲಗೆಯ ಮೇಲಿಟ್ಟು, ಅಂಗೈಯಿಂದ ಪಟ ಪಟ ಬಡಿಯುತ್ತ ರೊಟ್ಟಿ ತಿರುಗತೊಡಗಿದರೆ ತಲೆಯಲ್ಲಿ ಸಾಲೂ ತಿರುಗತೊಡಗುತ್ತಿತ್ತು. ರೊಟ್ಟಿ ಹಂಚಿಗೆ ಬೀಳುವಾಗ ಸಾಲು ಮುಗಿಯಬೇಕು. ಮೇಲೆ ಒದ್ದೆ ಅರಿವೆಯಿಂದ ನೀರು ಹಚ್ಚುವಾಗ ಅದನ್ನು ಇನ್ನೊಮ್ಮೆ ಮನಸ್ಸಿನಲ್ಲಿ ಅಂದುಕೊಳ್ಳುವಳು. ಸಾಲು ಸುಳ್ಳಾಗಿದ್ದರೆ ಕೈ ತಪ್ಪಿ ಅಂಚು ಹರಿಯುತ್ತಿತ್ತು. ಹರಿದರೆ ಹಿಟ್ಟನ್ನೂ ಸಾಲನ್ನೂ ಮುದ್ದೆ ಮಾಡಿ ಮತ್ತೆ ಮೊದಲಿನಿಂದ. ಇಡೀ ಅಧ್ಯಾಯ ತಲೆಯಲ್ಲಿ ಪೂರಾ ಬೇಯುವ ತನಕ ಒಂದಕ್ಷರವನ್ನೂ ಕಾಗದಕ್ಕೆ ಇಳಿಸುತ್ತಿರಲಿಲ್ಲ. ಬೆಂದ ದಿನ ಮಧ್ಯಾಹ್ನ ಕೂತರೆ ಒಂದೇ ಉಸಿರಿಗೆ ಬರೆದು ಏಳುವಳು.

ಒಲೆಗೆ ಮರಳಿದ್ದೇ ತಡ, ಮೂರು ವರ್ಷ ಏಳದ ಅಧ್ಯಾಯ ಎದ್ದು ಕೂತಿತು. ಪಟ್ಟಿಯ ಹಿತವೂ ಇಲ್ಲ, ಚಿಟುಕೂ ಇಲ್ಲ. ಅದು ಸತ್ತಂತೆ ಹಣೆಯ ಮೇಲೆ ಬಿದ್ದುಕೊಂಡಿತ್ತು. ತನ್ನ ಬರವಣಿಗೆಯನ್ನು ಅದು ಒಪ್ಪಿಕೊಂಡಿದೆ ಎಂದೇ ಅವಳು ತಿಳಿದಳು. ಒಂದು ತಿಂಗಳಲ್ಲಿ ಅಧ್ಯಾಯ ಮುಗಿಯುತ್ತ ಬಂತು. ಒಂದೇ ಒಂದು ಜಾಗ ಮಾತ್ರ ತುಂಬಲೊಲ್ಲದು.

ಆ ಅಧ್ಯಾಯ ಬಾಳವ್ವ ಎದ್ದು ಹೋದ ದಿನದ್ದು. ಅಕ್ಕ ತಂಗಿ ಇಬ್ಬರೂ ಆಗ ಸ್ಟೇಷನ್ ರಸ್ತೆಯಲ್ಲಿ ಸಂಗಪ್ಪ ಎಂಬವನ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದರು. ಒಂದು ದಿನ ಸಂಗಪ್ಪ ಒಲೆಯ ಮೇಲೆ ಗಡಿಯಾರ ನೇತುಹಾಕಿದ. ನಿಮಿಷಕ್ಕೊಮ್ಮೆ ಅದರ ಗಂಟೆ ಬಾರಿಸಬೇಕು, ಗಂಟೆ ಬಾರಿಸಿದಾಗೊಂದು ರೊಟ್ಟಿ. ಇದನ್ನು ತೆಗೆಯಿರಿ ಎಂದು ಬಾಳವ್ವ ಮೂರು ಸಲ ಹೇಳಿದಳು. ನಾಲ್ಕನೇ ಸಲ ಹೇಳಲಿಲ್ಲ. ತವರಿನಿಂದ ತಂದಿದ್ದ ತನ್ನ ಕಬ್ಬಿಣದ ಹಂಚನ್ನು, ಮೇಲೆ ಅರೆಬೆಂದ ರೊಟ್ಟಿಯ ಸಮೇತ, ಸೆರಗಿನಲ್ಲಿ ಹಿಡಿದೆತ್ತಿಕೊಂಡು ಬೀದಿಗಿಳಿದಳು. ಪೇಟೆಯ ನಟ್ಟನಡುವೆ ನಡೆದು ಬೇವಿನ ಮರದ ಕೆಳಗೆ ಮೂರು ಕಲ್ಲು ಹೂಡಿ ಹಂಚಿಟ್ಟಳು. ಈಗಿನ ಖಾನಾವಳಿ ಶುರುವಾದದ್ದು ಅಲ್ಲಿ. ಹಿಟ್ಟಿನ ಡಬ್ಬಿ ಹೊತ್ತ ಫಕ್ಕೀರವ್ವ ಹಿಂದೆ ಹಿಂದೆ ನಡೆದಿದ್ದಳು. ಅವಳಿಗೆ ಕಂಡದ್ದು ಅಕ್ಕನ ಬೆನ್ನು ಮಾತ್ರ. ಆ ದಾರಿಯಲ್ಲಿ ಅಕ್ಕನಿಗೆ ಏನನ್ನಿಸಿತ್ತು? ಬಾಳವ್ವ ಸಾಯುವತನಕ ಹೇಳಲಿಲ್ಲ, ಇವಳು ಕೇಳಲಿಲ್ಲ. ಆ ಜಾಗಕ್ಕೆ ಏನು ಬರೆದರೂ ರೊಟ್ಟಿಯ ಅಂಚು ಹರಿಯುತ್ತಿತ್ತು.

ಮೂವತ್ತೆಂಟನೇ ದಿನ ಗುಡ್ಡದಿಂದ ಕರೆ ಬಂತು.

ಸಂಸ್ಥೆಯ ನಿಯಂತ್ರಣ ಕೋಣೆಯಲ್ಲಿ ಗೋಡೆಯ ಉದ್ದಕ್ಕೂ ನೂರು ಗೆರೆಗಳು ಓಡುತ್ತಿದ್ದವು, ತಲೆಗೊಂದು ಗೆರೆ. ಅವನ್ನು ನೋಡಿಕೊಳ್ಳುತ್ತಿದ್ದವಳು ರೇಶ್ಮಾ ನದಾಫ್, ಸಂಸ್ಥೆ ಶುರುವಾದಾಗಿನಿಂದ ಅಲ್ಲಿರುವ ಹಿರಿಯ ತಂತ್ರಜ್ಞೆ. ತೊಂಬತ್ತೊಂಬತ್ತು ಗೆರೆಗಳು ಏರಿ ಇಳಿಯುತ್ತಿದ್ದವು. ಎಪ್ಪತ್ತೆರಡನೆಯದು ಮಟ್ಟಸವಾಗಿ, ಹೊಲಿಗೆ ಹಾಕಿದ ದಾರದಂತೆ ಬಿದ್ದಿತ್ತು.

"ಇದು ನೀವರಿ ಅವ್ವಾರ," ಎಂದಳು ರೇಶ್ಮಾ ಸಂಕೋಚದಿಂದ.

ಯಂತ್ರ ಕಂಡುಹಿಡಿದ ಡಾಕ್ಟರ್ ವಾದಿರಾಜ ಕಟ್ಟಿಯವರು ಕುರ್ಚಿ ಎಳೆದು ಕೂರಿಸಿದರು. ಕೆಟ್ಟ ಮನುಷ್ಯನಲ್ಲ. ಊರಿನವರೆಲ್ಲ ಕೆಲಸ ಮಾಡಿ ಮುಗಿಸಬೇಕು, ಯಾರ ಪುಸ್ತಕವೂ ಅರ್ಧಕ್ಕೆ ನಿಲ್ಲಬಾರದು ಎಂದು ನಿಜವಾಗಿ ನಂಬಿದ್ದವರು. ಅಂಥವರ ಜೊತೆ ಜಗಳ ಕಾಯುವುದೇ ಕಷ್ಟ.

"ಮೂವತ್ತೊಂದು ದಿನದಿಂದ ಒಂದು ಸಾಲೂ ಆಗಿಲ್ರೆಲಾ," ಎಂದರು.

"ಆಗೇತ್ರಿ ಸಾಹೇಬ್ರ. ಇಡೀ ಅಧ್ಯಾಯ ತಲ್ಯಾಗ ಐತಿ. ಒಲಿ ಮುಂದ ಬರದೀನಿ."

"ತಲ್ಯಾಗ ಇದ್ರ ಪಟ್ಟಿಗೆ ಗೊತ್ತಾಗಬೇಕಲ್ಲ? ಪಟ್ಟಿ ಸೊನ್ನಿ ಅಂತ ಹೇಳ್ತದ."

"ಹಂಗಾರ ಇಲ್ಲೇ ಕೂತು ಬರದು ಕೊಡ್ತೀನಿ, ಹಾಳಿ ಕೊಡ್ರಿ."

"ಕಾಗದದ ಮ್ಯಾಲಿಂದು ಯಾರು ಬರದದ್ದು ಅಂತ ಹೆಂಗ ನಂಬೂದು? ಕರಾರದಾಗ ಅದ ನೋಡ್ರಿ, ನಾಕನೇ ಪುಟ. ನಲವತ್ತು ದಿನ ಪಟ್ಟಿಗೆ ಏನೂ ಸಿಗಲಿಲ್ಲಂದ್ರ ಪುಸ್ತಕ ಪೂರಕಕ್ಕ ಹೋಗ್ತದ. ನಿಮ್ಮ ಹೆಸರಿನ್ಯಾಗ ಅಚ್ಚಾಗ್ತದ. ನಿಮಗೇನೂ ನಷ್ಟ ಇಲ್ಲ."

ಪೂರಕ ಎಂದರೆ ಸಂಸ್ಥೆಯ ಇನ್ನೊಂದು ಯಂತ್ರ. ಅರ್ಧಕ್ಕೆ ನಿಂತ ಪುಸ್ತಕಗಳನ್ನು ಓದಿ, ಬರೆದವರ ಧಾಟಿಯಲ್ಲೇ ಮುಗಿಸಿಕೊಡುವುದು ಅದರ ಕೆಲಸ. ಫಕ್ಕೀರವ್ವನ ಹನ್ನೊಂದು ಅಧ್ಯಾಯಗಳನ್ನು ಅದು ಆಗಲೇ ಓದಿ ಹನ್ನೆರಡನೆಯದರ ಕರಡು ಸಿದ್ಧಮಾಡಿತ್ತು. ಕಟ್ಟಿಯವರು ಅದನ್ನು ಅವಳ ಕೈಗಿತ್ತರು. ಕನ್ನಡಕ ಏರಿಸಿಕೊಂಡು ಅವಳು ಕೊನೆಯ ಪುಟ ಓದಿದಳು.

'ಬಾಳವ್ವ ತಲೆ ತಗ್ಗಿಸಿ ಮಾಲೀಕರ ಕ್ಷಮೆ ಕೇಳಿದಳು. ಸಂಗಪ್ಪನವರ ಕಣ್ಣಲ್ಲೂ ನೀರಾಡಿತು. ಅಂದಿನಿಂದ ಆ ಖಾನಾವಳಿಯಲ್ಲಿ ರೊಟ್ಟಿಗಳು ಸಮಯಕ್ಕೆ ಸರಿಯಾಗಿ ಬೇಯತೊಡಗಿದವು.'

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಧಾಟಿ ಅವಳದೇ, ಮಾತು ಅವಳದೇ, ಯಾರೋ ಅವಳ ಸೀರೆ ಉಟ್ಟುಕೊಂಡು ಅಕ್ಕನ ಕತ್ತು ಹಿಡಿದು ಬಗ್ಗಿಸುತ್ತಿದ್ದಂತಿತ್ತು.

"ಇದನ್ನ ಯಾವ ಬಾಡ್ಯಾ ಬರದಾನ್ರಿ?"

"ಯಂತ್ರರಿ. ಹತ್ತು ಲಕ್ಷ ಕಥಿ ಓದಿ, ಹೆಚ್ಚಿನವು ಹೆಂಗ ಮುಗೀತಾವು ಅಂತ ನೋಡಿ ಬರೀತದ. ಹೆಚ್ಚಿನವು ರಾಜಿಯಾಗೇ ಮುಗೀತಾವು ನೋಡ್ರಿ."

"ನಮ್ಮಕ್ಕ ಆ ಹೆಚ್ಚಿನವ್ರೊಳಗ ಇಲ್ರಿ. ನಮ್ಮಕ್ಕ ಸತ್ತಾಳ, ಬಂದು ಇಲ್ಲ ಅನ್ನಾಕ ಆಗೂದಿಲ್ಲ. ಅಂತೇಳಿ ಆಕಿ ಬಾಯಾಗ ಕ್ಷಮಾಪಣಿ ತುರುಕ್ತೀರೇನು? ನಾ ಬದುಕಿರೂತನಕ ಇದು ಆಗೂದಿಲ್ಲ." ಹಾಳೆಯನ್ನು ಮೇಜಿನ ಮೇಲೆ ಬೋರಲು ಹಾಕಿ ಎದ್ದಳು. "ಇನ್ನೂ ಎರಡು ದಿನ ಐತಲ್ಲ? ನಾಡಿದ್ದು ಮುಂಜಾನೆ ನಾ ಇಲ್ಲಿಗೇ ಬರ್ತೀನಿ. ನಿಮ್ಮ ಕಣ್ಣ ಮುಂದ ಬರೀತೀನಿ. ಆಮ್ಯಾಲ ಸೊನ್ನಿ ಅನ್ರಿ ನೋಡೋಣು."

ಕಟ್ಟಿಯವರು ಒಪ್ಪಿದರು. ಪ್ರಯೋಗ ಎಂದರೆ ಬೇಡ ಅನ್ನುವ ವಿಜ್ಞಾನಿ ಎಲ್ಲಿದ್ದಾನೆ?

ಮನೆಗೆ ಬಂದು ವಿಷಯ ಹೇಳಿದಾಗ ಸಹನಾ ಹೆದರಿದಳು. ಸಂಸ್ಥೆಯವರನ್ನು ಎದುರು ಹಾಕಿಕೊಂಡರೆ ಮುದ್ರೆ ಸಿಗದು, ಹದಿನೈದು ವರ್ಷದ ಕೆಲಸ ಅಟ್ಟದ ಮೇಲೇ ಉಳಿಯುತ್ತದೆ ಎಂಬುದು ಅವಳ ಚಿಂತೆ.

"ಕಡೀ ಪುಟ ಒಂದಲ್ಲೇನ್ರಿ ಅತ್ತಿ? ಉಳಿದದ್ದೆಲ್ಲ ನಿಮ್ಮದೇ ಇರತೈತಿ."

"ಅರವತ್ತೊಂಬತ್ತು ವರ್ಷ ಬಾಳಿದ್ಲು ನಮ್ಮಕ್ಕ. ಆ ಒಂದ ದಿನ ಆಕಿ ಹಂಚು ಎತ್ತಲಿಲ್ಲ ಅಂದಿದ್ರ ಉಳಿದದ್ದನ್ನ ಯಾಕ ಬರೀಬೇಕಿತ್ತು ನಾ?" ಎಂದಳು ಫಕ್ಕೀರವ್ವ. ಆಮೇಲೆ ಅಟ್ಟದಿಂದ ಬಾಳವ್ವನ ಹಂಚನ್ನು ಇಳಿಸಿ, ಬೂದಿ ಹಚ್ಚಿ ತಿಕ್ಕತೊಡಗಿದಳು. ಸಹನಾ ತಾನೂ ಪಕ್ಕದಲ್ಲಿ ಕೂತು ಹಲಗೆ ತೊಳೆದಳು.

ನಲವತ್ತನೇ ದಿನ ಮುಂಜಾನೆ ಏಳಕ್ಕೆ ಅತ್ತೆ ಸೊಸೆ ಹಂಚು, ಹಲಗೆ, ಹಿಟ್ಟಿನ ಡಬ್ಬಿ ಹೊತ್ತು ನಿಯಂತ್ರಣ ಕೋಣೆಗೆ ಬಂದಾಗ ಕಾವಲಿನವನು ದಂಗಾಗಿ ಬಾಗಿಲು ಬಿಟ್ಟ. ಸಂಸ್ಥೆಯ ಕ್ಯಾಂಟೀನಿನಿಂದ ಗ್ಯಾಸಿನ ಒಲೆ ಬಂತು. ಸುತ್ತಲೂ ಸಂಸ್ಥೆಯ ಮಂದಿ ನೆರೆದರು. ಫಕ್ಕೀರವ್ವ ಸೆರಗು ಸಿಕ್ಕಿಸಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಬಿಸಿನೀರಲ್ಲಿ ಹಿಟ್ಟು ನಾದಿ ಉಂಡೆ ಕಟ್ಟಿದಳು.

ಪಟ ಪಟ ಪಟ ಪಟ.

ಗೋಡೆಯ ಮೇಲೆ ಎಪ್ಪತ್ತೆರಡನೇ ಗೆರೆ ಮಟ್ಟಸವಾಗಿಯೇ ಇತ್ತು. ಒಂದು ರೊಟ್ಟಿ ಬೆಂದಿತು, ಎರಡು ಬೆಂದವು. ತಲೆಯಲ್ಲಿ ಬಾಳವ್ವ ಸಂಗಪ್ಪನಿಗೆ ಎರಡನೇ ಸಲ ಹೇಳುತ್ತಿದ್ದಳು, ಗೆರೆಯಲ್ಲಿ ಮಾತ್ರ ಏನಿಲ್ಲ.

"ನೋಡಿದ್ರೆಲಾ," ಎಂದರು ಕಟ್ಟಿಯವರು ಮೆಲ್ಲಗೆ. ಅವರಿಗೆ ನಿಜವಾಗಿಯೂ ಬೇಸರವಾಗಿತ್ತು. "ನಿಮಗ ಬರದಂಗ ಅನಸ್ತದ. ಖರೇ ಅಂದ್ರ ಕೈ ಕೆಲಸದಾಗ ತಲಿ ಸುಮ್ಮನಿರ್ತದ."

ಫಕ್ಕೀರವ್ವನ ಕಣ್ಣು ಗೋಡೆಯ ಮೇಲಿತ್ತು. ಉಂಡೆ ಕಟ್ಟಲು ಕೈ ನಿಂತಾಗ ಗೆರೆ ಒಂದು ಚೂರು ಮಿಸುಕಿದಂತೆ ಕಂಡಿತ್ತು. ಅವಳು ಬೇಕೆಂದೇ ಸಾಲಿನ ನಡುವೆ ಬಡಿಯುವುದನ್ನು ನಿಲ್ಲಿಸಿದಳು. ಗೆರೆ ಜಿಗಿಯಿತು. ಬಡಿದಳು, ಸತ್ತಿತು. ನಿಲ್ಲಿಸಿದಳು, ಜಿಗಿಯಿತು.

"ಏ ಬಾಯಿ, ನೋಡಿಲ್ಲೆ," ಎಂದಳು ರೇಶ್ಮಾಳಿಗೆ. "ಕೈ ಬಡದಾಗ ಅಷ್ಟ ಸಾಯತೈತಿ ನಿಮ್ಮ ಗೆರಿ. ಒಳಗ ಸಾಲು ನಿಂತಿಲ್ಲ, ಹಂಗ ನಡದೈತಿ. ನನ್ನ ಕೈಗೂ ನಿಮ್ಮ ಯಂತ್ರಕ್ಕೂ ಏನ ವೈರ ಐತಿ?"

ರೇಶ್ಮಾ ತಲೆಗೆ ಕೈ ಹಚ್ಚಿ ಕುರ್ಚಿಯಲ್ಲಿ ಕುಸಿದಳು.

"ಸರ್," ಎಂದಳು, "ರೊಟ್ಟಿ ಜರಡಿ."

ಕಟ್ಟಿಯವರ ಬಾಯಿ ತೆರೆದದ್ದು ಹಾಗೇ ಉಳಿಯಿತು.

ಆಗಿದ್ದು ಇಷ್ಟು. ಆರು ವರ್ಷದ ಹಿಂದೆ ಪಟ್ಟಿಯ ಮೊದಲ ಪರೀಕ್ಷೆಗಳು ನಡೆದದ್ದು ಕ್ಯಾಂಟೀನಿನ ಪಕ್ಕದ ಕೋಣೆಯಲ್ಲಿ. ದಿನವೂ ಅದೇ ಹೊತ್ತಿಗೆ ಗೋಡೆಯಾಚೆ ರೊಟ್ಟಿ ಬಡಿಯುತ್ತಿದ್ದರು. ಅದೇನು ದೊಡ್ಡ ಸದ್ದಲ್ಲ. ಆದರೆ ಪರೀಕ್ಷೆಗೆ ಕೂತವರೆಲ್ಲ ಈ ಸೀಮೆಯವರು, ಹುಟ್ಟಿದಾಗಿನಿಂದ ಆ ಸದ್ದು ಕೇಳಿದರೆ ಹಸಿವಾಗುವವರು. ಅವರ ಮಿದುಳಿನ ಅಲೆಗಳು ಬರವಣಿಗೆ ಬಿಟ್ಟು ರೊಟ್ಟಿಯ ತಾಳಕ್ಕೆ ಕುಣಿಯತೊಡಗಿದವು. ಎಂಜಿನಿಯರುಗಳು ತಲೆ ಕೆಡಿಸಿಕೊಂಡು, ಕೊನೆಗೆ ಆ ತಾಳವನ್ನು ಲೆಕ್ಕಹಾಕಿ, ಆ ತಾಳದಲ್ಲಿ ಬಂದದ್ದನ್ನೆಲ್ಲ ಸೋಸಿ ಎಸೆಯುವ ಜರಡಿಯೊಂದನ್ನು ಪಟ್ಟಿಯೊಳಗೆ ಕೂರಿಸಿದರು. ತಮಾಷೆಗೆ ಅದಕ್ಕೆ ರೊಟ್ಟಿ ಜರಡಿ ಎಂದು ಹೆಸರಿಟ್ಟು, ಮಧ್ಯಾಹ್ನ ಅದೇ ರೊಟ್ಟಿ ಉಂಡು, ಮರೆತುಬಿಟ್ಟರು. ಫಕ್ಕೀರವ್ವನ ಸಾಲುಗಳು ಆ ತಾಳದ ಮೇಲೇ ಕೂತು ಬರುತ್ತಿದ್ದವು. ಬಂಡಿಯನ್ನೇ ತಡೆದರೆ ಕೂತವರು ಊರು ಸೇರುವುದು ಹೇಗೆ?

"ಜರಡಿ ಹಿಡದದ್ದನ್ನ ಚೆಲ್ಲೀರೇನು?" ಎಂದಳು ಫಕ್ಕೀರವ್ವ.

"ಇಲ್ಲರಿ ಅವ್ವಾರ, ಎಲ್ಲಾ ಇಟ್ಟೀವಿ." ರೇಶ್ಮಾಳ ಬೆರಳುಗಳು ಆಗಲೇ ಓಡುತ್ತಿದ್ದವು. ಜರಡಿ ತೆಗೆದಳು.

ಎಪ್ಪತ್ತೆರಡನೇ ಗೆರೆ ಗೋಡೆಯ ತುಂಬ ಎದ್ದು ನಿಂತಿತು. ಅಂದಿನದಷ್ಟೇ ಅಲ್ಲ, ಮೂವತ್ಮೂರು ಮುಂಜಾನೆಗಳದ್ದು, ಸಾಲಿನ ಹಿಂದೆ ಸಾಲು. ಉಳಿದ ತೊಂಬತ್ತೊಂಬತ್ತು ಗೆರೆಗಳು ಅದರ ಮುಂದೆ ತೂಕಡಿಸಿದಂತಿದ್ದವು. ಯಾರೋ ಚಪ್ಪಾಳೆ ತಟ್ಟಿದರು. ಸಹನಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಫಕ್ಕೀರವ್ವನಿಗೆ ಹೆಮ್ಮೆಯಾಯಿತು, ಸುಳ್ಳು ಹೇಳಬಾರದು, ತುಂಬಾ ಹೆಮ್ಮೆಯಾಯಿತು.

"ಪುಸ್ತಕ ನಿಮ್ಮದೇರಿ," ಎಂದರು ಕಟ್ಟಿಯವರು. ಪೂರಕದ ಕರಡನ್ನು ಅವರೇ ಎಲ್ಲರೆದುರು ಹರಿದು ಹಾಕಿದರು. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಅವರ ಕಣ್ಣಲ್ಲಿ ಹೊಸ ಹುರುಪು ಹೊತ್ತಿಕೊಂಡಿತ್ತು. "ಇಷ್ಟು ದಿನ ನಾವು ತಪ್ಪು ತಿಳದಿದ್ವಿ. ತಾಳ ಬೇಕು! ರೇಶ್ಮಾ, ಈ ತಾಳಾನ ನೂರೂ ಮಂದಿ ಪಟ್ಟಿಯೊಳಗ ಹಾಕೋಣ. ಫಕ್ಕೀರವ್ವನವರ, ನಿಮಗೂ ಇನ್ನ ಜಲ್ದಿ ಆಗ್ತದ. ಒಲಿ ಮುಂದನ ಪಟ್ಟಿ ಗಂಟಿ ಬಾರಸ್ತದ. ಒಂದು ಗಂಟಿಗೆ ಒಂದು ರೊಟ್ಟಿ, ಒಂದು ರೊಟ್ಟಿಗೆ ಒಂದು ಸಾಲು. ವರ್ಷಕ್ಕ ನಾಕು ಪುಸ್ತಕ ಬರೀಬಹುದು ನೀವು!"

ಫಕ್ಕೀರವ್ವ ಹಂಚಿನ ಮೇಲೆ ಆಗಷ್ಟೇ ರೊಟ್ಟಿ ಹಾಕಿದ್ದಳು. ನೀರು ಹಚ್ಚುತ್ತಿದ್ದ ಕೈ ನಿಂತಿತು. ತಲೆಯೆತ್ತಿ ಅವರನ್ನು ನೋಡಿದಳು. ಆ ಮುಖವನ್ನು ಅವಳು ಹಿಂದೆ ಒಮ್ಮೆ ನೋಡಿದ್ದಳು, ಸಂಗಪ್ಪ ಗಡಿಯಾರಕ್ಕೆಂದು ಒಲೆಯ ಮೇಲಿನ ಗೋಡೆಗೆ ಮೊಳೆ ಹೊಡೆಯುತ್ತಿದ್ದಾಗ.

"ಗಂಟಿ ಬ್ಯಾಡ್ರಿ ಸಾಹೇಬ್ರ," ಎಂದಳು.

"ಅಲ್ರಿ, ಒಮ್ಮೆ ರೂಢಿ ಆತಂದ್ರ..."

"ನನಗ ರೂಢಿ ಐತಿ. ನಲವತ್ತು ವರ್ಷದಿಂದ ದಿನಾ ಮುಂಜಾನೆ ಒಲಿ ಮುಂದ ಕೂತೀನಿ. ಯಾರೂ ಚಿವುಟಿ ಕೂಡಿಸಿಲ್ಲ. ಗಂಟಿ ಬ್ಯಾಡ."

"ಬರೇ ಸಣ್ಣ ಸಪ್ಪಳರಿ, ಕಿವಿಗೆ ಸೈತ..."

ಮೂರನೇ ಸಲ ಅವಳು ಹೇಳಲಿಲ್ಲ. ಅಕ್ಕನಿಗಿಂತ ಇವಳಿಗೆ ತಾಳ್ಮೆ ಕಡಿಮೆ. ಹಣೆಯಿಂದ ಪಟ್ಟಿ ಬಿಚ್ಚಿ ರೇಶ್ಮಾಳ ಮಡಿಲಲ್ಲಿಟ್ಟಳು. ಒಲೆ ಆರಿಸಿದಳು. ಸೆರಗಿನ ತುದಿ ಮಡಿಸಿ, ಅರೆಬೆಂದ ರೊಟ್ಟಿಯ ಸಮೇತ ಬಾಳವ್ವನ ಹಂಚನ್ನು ಎತ್ತಿಕೊಂಡು ಎದ್ದು ನಿಂತಳು.

"ನಿಮ್ಮ ಯಂತ್ರ ಹತ್ತು ಲಕ್ಷ ಕಥಿ ಓದೇತಿ ಅಂದ್ರೆಲ್ಲಾ," ಎಂದಳು ಬಾಗಿಲಲ್ಲಿ ತಿರುಗಿ. "ಎಲ್ಲಾ ಕಲ್ತೈತಿ. ಎದ್ದು ಹೋಗೂದೊಂದು ಕಲ್ತಿಲ್ಲ. ನಾ ಅದನ್ನ ಕಲಸಾಕ ಬಂದಿಲ್ಲ."

ಗುಡ್ಡದ ಇಳಿಜಾರಿನಲ್ಲಿ ಅವಳು ಮುಂದೆ, ಹಿಟ್ಟಿನ ಡಬ್ಬಿ ಮತ್ತು ಹಲಗೆ ಹೊತ್ತ ಸಹನಾ ಹಿಂದೆ. ಕೆಲಸಕ್ಕೆ ಬರುತ್ತಿದ್ದವರು ವಾಹನ ನಿಲ್ಲಿಸಿ ನೋಡಿದರು. ಮೊದಲ ತಿರುವಿನವರೆಗೆ ಏನೂ ತಿಳಿಯಲಿಲ್ಲ. ಎರಡನೇ ತಿರುವಿಗೆ ಬಿಸಿ ಸೆರಗಿನ ಮಡಿಕೆಗಳನ್ನು ದಾಟಿ ಅಂಗೈಗೆ ಇಳಿಯಿತು.

"ಅತ್ತೀ, ಸುಡತೈತಿ, ಇಳಸ್ರಿ!" ಎಂದು ಹಿಂದಿನಿಂದ ಸಹನಾ ಕೂಗಿದಳು.

ಫಕ್ಕೀರವ್ವ ಇಳಿಸಲಿಲ್ಲ. ಬಾಯಿ ತೆರೆದರೆ ಅಳು ಬರುತ್ತಿತ್ತು, ನೋವಿಗಲ್ಲ. ಹಿಂದಿನಿಂದ ನಡೆಯುವವಳಿಗೆ ಬೆನ್ನು ಮಾತ್ರ ಕಾಣುತ್ತದೆಂದು ಅವಳಿಗೆ ಗೊತ್ತಿತ್ತು.

ಆ ಮಧ್ಯಾಹ್ನ ಊಟದವರೆಲ್ಲ ಹೋದ ಮೇಲೆ ಅವಳು ಕ್ಯಾಲೆಂಡರ್ ಹಾಳೆಗಳನ್ನು ಹರಡಿಕೊಂಡು ಕೂತಳು. ಅರಿವೆ ಸುತ್ತಿದ ಕೈಯಲ್ಲಿ ಪೆನ್ನು ಹಿಡಿದು ಹನ್ನೆರಡನೇ ಅಧ್ಯಾಯವನ್ನು ಒಂದೇ ಉಸಿರಿಗೆ ಬರೆದಳು. ಸಂಜೆ ಸಹನಾ ಬಂದು ಕೊನೆಯ ಪುಟವನ್ನು ಗಟ್ಟಿಯಾಗಿ ಓದಿದಳು:

'ಪೇಟೆ ದಾಟುವ ಹೊತ್ತಿಗೆ ಹಂಚು ಕೈ ಸುಡುತ್ತಿತ್ತು. ಬಾಳವ್ವ ಇಳಿಸಲಿಲ್ಲ. ಇಳಿಸಿದ್ದರೆ ನಾನು ಹಿಂದಿರುಗಿ ಹೋಗುತ್ತಿದ್ದೆನೆಂದು ಅವಳಿಗೆ ಗೊತ್ತಿತ್ತು.'

ಓದಿ, ಹಾಳೆಗಳನ್ನು ಜೋಡಿಸಿಟ್ಟಳು. ಆಮೇಲೆ ಮೆಲ್ಲಗೆ ಕೇಳಿದಳು.

"ಅತ್ತಿ, ಉಳಿದದ್ದಕ್ಕೆಲ್ಲ ಮುದ್ರಿ ಬೀಳತೈತಿ. ಈ ಮೂರು ಸಾಲು ಪಟ್ಟಿಗೆ ಗೊತ್ತಿಲ್ಲಲ್ಲ. ಇದನ್ನ ಮನಶ್ಯಾರ ಬರದಾರ ಅನ್ನಾಕ ಸಾಕ್ಷಿ ಏನು ಅಂತ ಕೇಳಿದ್ರ?"

ಫಕ್ಕೀರವ್ವ ಅರಿವೆ ಬಿಚ್ಚಿ ಅಂಗೈ ಚಾಚಿದಳು. ಎರಡೂ ಕೈಗೆ ಬೊಬ್ಬೆಗಳೆದ್ದಿದ್ದವು.

"ಕೇಳ್ಲಿ," ಎಂದಳು. "ತೋರಸ್ತೀನಿ."